ನಾಲ್ಕು ಅಡಿ ಖಾಲಿ ಜಾಗದ ಬೆಲೆ

ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್ ಕೊಳ್ಳುವ ಆಸೆಯಿದ್ದವರು ಮೊದಲು ಟೇಪು ಹಿಡಿದು ಕೋಣೆ ಅಳೆಯಲಿ, ಬೆಲೆಪಟ್ಟಿ ಆಮೇಲೆ ನೋಡಲಿ. ಮೈಸೂರಿನ ನಮ್ಮ ಮನೆಗೆ ಒಂದು ಜೋಡಿ ಆರಿಸುವಾಗ ನಾನು ಲೆಕ್ಕ ಶುರುಮಾಡಿದ್ದು ಅಲ್ಲಿಂದಲೇ.

ಈ ಸ್ಪೀಕರ್‌ಗೆ ಪೆಟ್ಟಿಗೆಯಿಲ್ಲ. ತೂತುಗಳಿರುವ ಎರಡು ಫಲಕಗಳ ನಡುವೆ ಕೆಲವೇ ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಸಾವಿರಾರು ವೋಲ್ಟ್. ಹಾಳೆ ಅದುರಿದಾಗ ಮುಂದಕ್ಕೆ ಎಷ್ಟು ಸದ್ದೋ ಹಿಂದಕ್ಕೂ ಅಷ್ಟೇ. ಗೋಡೆಗೆ ಒತ್ತಿಟ್ಟರೆ ಹಿಂದಿನ ಸದ್ದು ತಿರುಗಿ ಬಂದು ಮುಂದಿನದನ್ನು ಕಲಸಿಬಿಡುತ್ತದೆ. ಹಾಗಾಗಿ ಬೆನ್ನಿಗೆ ಕನಿಷ್ಠ ಮೂರಡಿ, ಸಾಧ್ಯವಾದರೆ ನಾಲ್ಕಡಿ ಬಿಡಬೇಕು. ಕೋಣೆ ಹನ್ನೆರಡು ಅಡಿ ಅಗಲವಿದ್ದರೆ ಅಲ್ಲಿಗೆ 48 ಚದರ ಅಡಿ ಹೋಯಿತು. ನಿಮ್ಮ ಬಡಾವಣೆಯಲ್ಲಿ ಮನೆ ಚದರ ಅಡಿಗೆ 7,000 ರೂಪಾಯಿ ಎಂದಿಟ್ಟುಕೊಂಡರೆ, ಆ ಖಾಲಿ ಜಾಗದ ಬೆಲೆಯೇ 3,36,000. ಯಾವ ಅಂಗಡಿಯ ಬಿಲ್ಲಿನಲ್ಲೂ ಈ ಮೊತ್ತ ಕಾಣುವುದಿಲ್ಲ. ಹತ್ತಡಿಗೆ ಹತ್ತಡಿ ಕೋಣೆಯಿದ್ದವರಿಗೆ ನಾನು ನೇರವಾಗಿ ಹೇಳುತ್ತೇನೆ: ಬೇಡ, ಒಳ್ಳೆಯ ಚಿಕ್ಕ ಪೆಟ್ಟಿಗೆ ಸ್ಪೀಕರ್ ತೆಗೆದುಕೊಳ್ಳಿ.

ಹಿಂದೆ ಕೊಟ್ಟದ್ದರಲ್ಲಿ ಒಂದಿಷ್ಟು ಪಕ್ಕದಲ್ಲಿ ವಾಪಸು ಬರುತ್ತದೆ. ಹಾಳೆಯ ಅಂಚಿನ ದಿಕ್ಕಿಗೆ ಸದ್ದು ಬಹಳ ಕಡಿಮೆ. ಟೈಲ್ಸ್ ನೆಲ, ಗಾರೆ ಗೋಡೆಯ ನಮ್ಮ ಕೋಣೆಗಳಲ್ಲಿ ಪಕ್ಕದ ಗೋಡೆಯ ಪ್ರತಿಧ್ವನಿಯೇ ದೊಡ್ಡ ಕಾಟ. ಅದು ಇಲ್ಲಿ ತಾನಾಗಿ ತಗ್ಗುವುದರಿಂದ ಪಕ್ಕದ ಗೋಡೆಗಳಿಗೆ ಅಕೌಸ್ಟಿಕ್ ಪ್ಯಾನೆಲ್ ಹೊಡೆಸುವ ಖರ್ಚು ನನಗೆ ಬೀಳಲಿಲ್ಲ. ಸ್ಪೀಕರ್ ಹಿಂದಿನ ಗೋಡೆಗೆ ಮನೆಯಲ್ಲಿದ್ದ ಪುಸ್ತಕದ ಕಪಾಟು, ಮುಂದೆ ಒಂದು ಜಮಖಾನ, ಅಷ್ಟೇ ಸಾಕಾಯಿತು.

ಇನ್ನು ಯಾರು ಕೇಳುತ್ತಾರೆ, ಏನು ಕೇಳುತ್ತಾರೆ ಎಂಬುದು. ಚಪ್ಪಟೆ ಫಲಕದ ಮೇಲಿನ ಸ್ವರಗಳು ಟಾರ್ಚಿನ ಬೆಳಕಿನಂತೆ ನೇರ ಸಾಗುತ್ತವೆ. ಕುರ್ಚಿ ಸ್ವಲ್ಪ ಸರಿದರೂ ಹಾಡಿನ ಹೊಳಪು ಇಳಿಯುತ್ತದೆ. ಇಂಗ್ಲೆಂಡಿನ ಕ್ವಾಡ್ ಕಂಪನಿಯ ಪೀಟರ್ ವಾಕರ್ 1957ರಲ್ಲಿ ಮಾರಾಟಕ್ಕೆ ತಂದ ಮೊದಲ ಮಾದರಿಗೂ ಈ ಮಿತಿಯಿತ್ತು. 1981ರಲ್ಲಿ ಬಂದ ಇಎಸ್‌ಎಲ್-63ರಲ್ಲಿ ಅವರು ಫಲಕವನ್ನು ಒಂದರೊಳಗೊಂದು ಉಂಗುರಗಳಾಗಿ ವಿಭಜಿಸಿ, ಸದ್ದು ನಡುವಿನಿಂದ ಅಂಚಿಗೆ ತುಸು ತಡವಾಗಿ ಹರಡುವಂತೆ ಮಾಡಿದರು. ಅಮೆರಿಕದ ಮಾರ್ಟಿನ್‌ಲೋಗನ್ ಹಾಳೆಯನ್ನೇ ಬಾಗಿಸಿ, ಕೆಳಗೆ ಮಾಮೂಲಿ ವೂಫರ್ ಕೂರಿಸಿತು. ಸಿನಿಮಾ, ತಮಟೆ, ರಾಕ್ ಇಷ್ಟಪಡುವ ತುಂಬಿದ ಮನೆಗೆ ಈ ಎರಡನೆಯದೇ ಸರಿ. ನಮ್ಮಲ್ಲಿ ಹೆಚ್ಚಾಗಿ ಗಾಯನ, ವೀಣೆ, ಅದೂ ಮೆಲ್ಲಗೆ. ನಾನು 63ರ ಸೆಕೆಂಡ್‌ಹ್ಯಾಂಡ್ ಜೋಡಿಯನ್ನೇ ಆರಿಸಿಕೊಂಡೆ. ತಂಬೂರಿಯ ಝೇಂಕಾರ ಹೀಗೆ ಕೋಣೆಯ ಗಾಳಿಯೇ ಆಗಿಬಿಡುವುದನ್ನು ಬೇರಾವ ಸ್ಪೀಕರ್‌ನಲ್ಲೂ ನಾನು ಕೇಳಿಲ್ಲ.

ಹಳೆಯದನ್ನು ಕೊಳ್ಳುವಾಗ ಆತುರ ಬೇಡ. ಕೆಲವು ಗಂಟೆ ಕರೆಂಟು ಕೊಟ್ಟು ಬಿಟ್ಟು, ಎರಡಕ್ಕೂ ಒಂದೇ ಮೋನೋ ಧ್ವನಿಮುದ್ರಿಕೆ ಹಾಕಿ. ಒಂದು ಕಡೆ ಸದ್ದು ಕುಗ್ಗಿದ್ದರೆ, ಚಿಟಚಿಟ ಎಂದರೆ, ಒಳಗಿನ ಪ್ಯಾನೆಲ್ ಸೋತಿದೆ ಎಂದೇ ಹಿಡಿದು ಬೆಲೆ ಮಾತಾಡಿ. 63ರಲ್ಲಿ ಒಂದೊಂದಕ್ಕೆ ನಾಲ್ಕು ಪ್ಯಾನೆಲ್. ಕಾಲ ಕಳೆದಂತೆ ಅವುಗಳ ಅಂಟು ಬಿಡುತ್ತದೆ. ಕರಾವಳಿಯ ತೇವ, ರಸ್ತೆ ಬದಿಯ ಧೂಳು ಎರಡೂ ಆಯಸ್ಸು ತಿನ್ನುತ್ತವೆ. ಆಂಪ್ಲಿಫೈಯರನ್ನೂ ಲೆಕ್ಕಕ್ಕೆ ಸೇರಿಸಿ: ಬಹುತೇಕ ಎಲೆಕ್ಟ್ರೋಸ್ಟ್ಯಾಟಿಕ್‌ಗಳಲ್ಲಿ ಮೇಲಿನ ಸ್ವರಗಳಿಗೆ ಹೋದಂತೆ ಇಂಪೀಡೆನ್ಸ್ ತೀರಾ ಕೆಳಗಿಳಿಯುವುದರಿಂದ ಅಗ್ಗದ ಆಂಪ್ಲಿಫೈಯರ್ ತಡವರಿಸುತ್ತದೆ.

ನನ್ನ ಒಟ್ಟು ಬಜೆಟ್ಟಿನ ಮೂರನೆಯ ಒಂದು ಭಾಗವನ್ನು ಕೊಳ್ಳುವ ದಿನವೇ ಪ್ಯಾನೆಲ್ ರಿಪೇರಿಗೆಂದು ಬೇರೆ ಇಟ್ಟೆ. ಅದಕ್ಕೊಂದು ಆರ್‌ಡಿ ಖಾತೆಯೂ ಇದೆ; ತಿಂಗಳು ತಿಂಗಳು ಕರೆಂಟು ಬಿಲ್ಲಿನ ಜೊತೆಗೇ ಅದರ ಕಂತೂ ಹೋಗುತ್ತದೆ.