ಒಂದು ವಚನ, ಹಲವು ವಯಸ್ಸಿನ ಮಕ್ಕಳು

ಮನೆಯಲ್ಲಿ ಮಕ್ಕಳಿಗೆ ಸಾಹಿತ್ಯವನ್ನೂ ಬರವಣಿಗೆಯನ್ನೂ ಕಲಿಸಬೇಕೆಂಬ ಅಪೇಕ್ಷೆಯುಳ್ಳ ಸದ್ಗೃಹಸ್ಥರಿಗೆ ಮೊದಲು ಎದುರಾಗುವ ತೊಡಕು ವಯಸ್ಸಿನದು. ಆರು ವರ್ಷದ ಕೂಸು, ಹತ್ತು ವರ್ಷದ ಹುಡುಗ, ಹದಿಮೂರರ ಅಕ್ಕ, ಮೂವರೂ ಒಂದೇ ಪಡಸಾಲೆಯಲ್ಲಿ ಕುಳಿತಿರುವಾಗ ಯಾರಿಗೆ ಏನನ್ನು ಹೇಳತಕ್ಕದ್ದು? 2020ರ ಮಾರ್ಚಿನಲ್ಲಿ ಸಾಂಕ್ರಾಮಿಕದ ನಿಮಿತ್ತ ಶಾಲೆಗಳು ಮುಚ್ಚಿದಾಗ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಮನೆಗಳಿಗೂ ಈ ಪ್ರಶ್ನೆ ತಪ್ಪಲಿಲ್ಲ. ಗುಡಿಯ ಅಂಗಳ, ಮರದ ನೆರಳುಗಳಲ್ಲಿ ಮಕ್ಕಳನ್ನು ಕೂಡಿಸಿ ಕಲಿಸುವ ‘ವಿದ್ಯಾಗಮ’ವು ಆ ವರ್ಷದ ಆಗಸ್ಟಿನಲ್ಲಿ ತೊಡಗಿ ಅಕ್ಟೋಬರಿನಲ್ಲಿಯೇ ನಿಂತಿತು. ಒಂದರಿಂದ ಐದರವರೆಗಿನ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಆ ದೀರ್ಘ ಅವಧಿಯಲ್ಲಿ ತಾಯಿತಂದೆಗಳೇ ಗುರುಗಳಾಗಬೇಕಾಯಿತು. ಶಾಲೆಗಳು ತೆರೆದ ಮೇಲೆಯೂ ಸಂಜೆಯ ಮನೆಪಾಠದ ಆವಶ್ಯಕತೆ ತೀರಿಲ್ಲ. ಇದು ಶಾಲೆಗೆ ಬದಲಾಗಿ ಅಲ್ಲ, ಶಾಲೆಯ ಜೊತೆಗೆ ನಡೆಯತಕ್ಕ ಪಾಠವೆಂಬುದನ್ನು ಮಾತ್ರ ನೆನಪಿನಲ್ಲಿಡಬೇಕು.

ಹಿಂದಿನವರಿಗೆ ವಯೋಭೇದವು ತೊಡಕಾಗಿ ತೋರಿರಲಿಲ್ಲ. ಐಗಳು ಕಾಳುಕಡಿಯನ್ನು ಪಡೆದು ನಡೆಸುತ್ತಿದ್ದ ಕೂಲಿಮಠದಲ್ಲಿ ಎಲ್ಲ ವಯಸ್ಸಿನ ಮಕ್ಕಳೂ ಒಂದೇ ಕಟ್ಟೆಯ ಮೇಲೆ ಕೂಡುತ್ತಿದ್ದರು. ಚಿಕ್ಕವರು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವರು. ಮುಂದುವರಿದವರು ಅವರಿಗೆ ಹೇಳಿಕೊಡುವರು. ಮದರಾಸಿನ ಅನಾಥಾಲಯದ ಅಧಿಕಾರಿಯಾಗಿದ್ದ ಆಂಡ್ರೂ ಬೆಲ್ ಎಂಬಾತನು ದೇಶೀಯ ಶಾಲೆಯ ಮರಳ ಬರವಣಿಗೆಯನ್ನು ಕಂಡು ತನ್ನಲ್ಲಿ ತಂದುಕೊಂಡನು; ಮಕ್ಕಳೇ ಮಕ್ಕಳಿಗೆ ಕಲಿಸುವ ಕ್ರಮವನ್ನು 1797ರಲ್ಲಿ ಲಂಡನ್ನಿನಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಅದು ಇಂಗ್ಲೆಂಡಿನಲ್ಲಿ ‘ಮದರಾಸು ಪದ್ಧತಿ’ಯೆಂದು ಹೆಸರಾಯಿತು.

ತುಂಗಭದ್ರೆಯ ಆಚೆಗಿನ ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಬೆಲ್ಲನು 1823ರಲ್ಲಿ ಬರೆದ ವರದಿ ಈ ವಿಷಯದಲ್ಲಿ ಬಹಳ ಬೆಲೆಯುಳ್ಳದ್ದು. ಆ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಲಿಂಗಧಾರಿಗಳ ಮಕ್ಕಳು ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣಗಳನ್ನು ಓದುತ್ತಿದ್ದರೆಂದು ಆತನು ಹೇಳುತ್ತಾನೆ. ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಕಲಿಸುವ ಪದ್ಧತಿಯನ್ನು ಮೆಚ್ಚಿದ ಆತನೇ ಒಂದು ಕುಂದನ್ನೂ ಎತ್ತಿ ತೋರಿಸಿದನು: ಮಕ್ಕಳು ಅಸಂಖ್ಯ ಪದ್ಯಗಳನ್ನು ಒಪ್ಪಿಸುವರು, ಅರ್ಥವನ್ನು ಕೇಳಿದರೆ ಗಿಳಿಗೆ ತಿಳಿದಷ್ಟೇ ಅವರಿಗೂ ತಿಳಿದಿರುವುದು. ಪರದೇಶೀಯನ ಮಾತೆಂದು ಇದನ್ನು ತಳ್ಳಿಹಾಕುವಂತಿಲ್ಲ. ಇಂದಿಗೂ ಜಯಂತಿಯ ವೇದಿಕೆಯ ಮೇಲೆ ಇಪ್ಪತ್ತು ವಚನಗಳನ್ನು ತಡೆಯಿಲ್ಲದೆ ಹೇಳಿ ಚಪ್ಪಾಳೆ ಪಡೆಯುವ ಬಾಲಕನಿಗೆ ಅವುಗಳಲ್ಲೊಂದರ ತಾತ್ಪರ್ಯವನ್ನು ನಾಲ್ಕು ವಾಕ್ಯಗಳಲ್ಲಿ ಬರೆಯಲು ಹೇಳಿದರೆ ಲೇಖನಿ ನಿಂತುಬಿಡುತ್ತದೆ. ಚಪ್ಪಾಳೆ ತಟ್ಟಿದವರು ಅದನ್ನು ಕೇಳುವುದೇ ಇಲ್ಲ!

ಈ ಕುಂದಿಗೆ ಮದ್ದು ಆ ವಯೋಭೇದದಲ್ಲಿಯೇ ಇದೆ. ನಾಲ್ಕೈದು ಸಾಲಿನ ಒಂದು ಸರಳ ವಚನವನ್ನು ಆರಿಸಿಕೊಂಡು ಎಲ್ಲರ ಮುಂದೆ ಎರಡು ಸಲ ನಿಧಾನವಾಗಿ ಓದಬೇಕು. ಕೂಸು ಅದರಲ್ಲಿ ತನಗೆ ಪರಿಚಿತವಾದ ಒಂದು ಶಬ್ದವನ್ನು ಹಿಡಿದು, ತಟ್ಟೆಯಲ್ಲಿ ಹರವಿದ ಮರಳಿನ ಮೇಲೆ ತಿದ್ದಲಿ. ನಡುವಿನವನು ವಚನವನ್ನು ನೆನಪಿನಿಂದ ಬರೆದು ಪುಸ್ತಕದೊಡನೆ ಹೋಲಿಸಿ, ಹಕಾರ ಎಲ್ಲಿ ಬಿತ್ತು, ಮಹಾಪ್ರಾಣ ಎಲ್ಲಿ ತಪ್ಪಿತು ಎಂಬುದನ್ನು ತಾನೇ ಗುರುತಿಸಲಿ. ಹಿರಿಯಳು ವಚನದ ಅರ್ಥವನ್ನು ಈಗಿನ ಕನ್ನಡದಲ್ಲಿ ಹತ್ತು ಸಾಲುಗಳಲ್ಲಿ ಬರೆಯಲಿ. ಅವಳ ಬರಹವನ್ನು ಪರೀಕ್ಷಿಸುವವರು ಯಾರು? ತಂದೆಯಲ್ಲ, ಪಂಡಿತನಲ್ಲ, ಆರು ವರ್ಷದ ಆ ಕೂಸೇ. ಅಕ್ಕನು ಬರೆದುದನ್ನು ಓದುವಾಗ ಕೂಸು ಕಣ್ಣರಳಿಸಿ ಕೇಳಿದರೆ ಅರ್ಥವು ಬರಹಕ್ಕೆ ಇಳಿದಿದೆಯೆಂದು ತಿಳಿಯಬೇಕು. ಮುಖ ತಿರುಗಿಸಿ ಬೆಕ್ಕಿನ ಮರಿಯನ್ನು ಅರಸಿ ಹೋದರೆ ಮತ್ತೊಮ್ಮೆ ಬರೆಯಬೇಕು. ತಿಳಿಯದ ಶಬ್ದವನ್ನು ಅಂಥದೇ ಮತ್ತೊಂದು ಶಬ್ದದಿಂದ ಮುಚ್ಚಿಹಾಕುವ ಜಾಣತನವನ್ನು ದೊಡ್ಡವರು ಎಷ್ಟೋ ವೇಳೆ ಕ್ಷಮಿಸುವರು, ಕೂಸು ಕ್ಷಮಿಸದು.

ಆದರೆ ಇಲ್ಲಿಯೇ ಒಂದು ಅನ್ಯಾಯವೂ ನುಸುಳಬಲ್ಲದು. ತಮ್ಮತಂಗಿಯರನ್ನು ಆಡಿಸುವವಳೆಂದು ಹಿರಿಯ ಮಗಳನ್ನು ಪಾಠಕ್ಕೆ ಕೂಡಿಸಿ, ಅವಳ ಸ್ವಂತ ಓದನ್ನು ಮರೆತುಬಿಡುವುದು ಅಪರೂಪವೇನಲ್ಲ. ಮೇಲೆ ಹೇಳಿದ ಬಳ್ಳಾರಿಯ ಲೆಕ್ಕದಲ್ಲಿ 6,641 ವಿದ್ಯಾರ್ಥಿಗಳಿದ್ದರೆ, ಅವರಲ್ಲಿ ಹೆಣ್ಣುಮಕ್ಕಳು ಕೇವಲ 60. ಅಕ್ಕಮಹಾದೇವಿ, ಸತ್ಯಕ್ಕ, ಆಯ್ದಕ್ಕಿ ಲಕ್ಕಮ್ಮರ ವಚನಗಳನ್ನು ಪೂಜಿಸುವ ನಾಡಿನಲ್ಲಿ ಈ ಸಂಖ್ಯೆಯನ್ನು ಓದುವಾಗ ತಲೆ ತಗ್ಗುವುದು. ಆದಕಾರಣ ಕಿರಿಯರು ಮಲಗಿದ ಬಳಿಕ ಅರ್ಧ ಗಂಟೆಯನ್ನು ಹಿರಿಯಳಿಗೇ ಮೀಸಲಿಡತಕ್ಕದ್ದು. ಅಲ್ಲಮಪ್ರಭುವಿನ ಬೆಡಗಿನ ವಚನ, ಶೂನ್ಯಸಂಪಾದನೆಯ ಸಂವಾದ ಮೊದಲಾದವು ಆ ಹೊತ್ತಿಗೆ ಯೋಗ್ಯ. ಅಂದು ಅವಳಿಗೆ ನೀರು ತರುವ ಕೆಲಸವನ್ನೂ ಪಾತ್ರೆ ಬೆಳಗುವ ಕೆಲಸವನ್ನೂ ಹೇಳಬಾರದು. ಗ್ರಂಥಗಳ ಅಭಾವವೆಂಬ ನೆಪವಂತೂ ಈಗ ನಿಲ್ಲದು. 1993ರಲ್ಲಿ ಕರ್ನಾಟಕ ಸರಕಾರವು ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಿತು.

ಇನ್ನು ಸ್ವತಂತ್ರ ಬರವಣಿಗೆ. ‘ಸತ್ಯದ ಮಹಿಮೆ’, ‘ವಿದ್ಯೆಯ ಮಹತ್ವ’ ಇಂಥ ವಿಷಯಗಳನ್ನು ಕೊಟ್ಟರೆ ಮಕ್ಕಳು ಪರರ ವಾಕ್ಯಗಳನ್ನೇ ಬರೆದಾರು. ಶರಣರು ತಮ್ಮ ಕಾಯಕದ ಉಪಕರಣಗಳಿಂದಲೇ ಮಾತನ್ನು ಕಟ್ಟಿದವರು. ಜೇಡರ ದಾಸಿಮಯ್ಯನು ನೇಯ್ಗೆಯವನು, ಕದಿರ ರೆಮ್ಮವ್ವೆ ನೂಲುವವಳು, ಚೌಡಯ್ಯನು ಅಂಬಿಗನು. ಗಜೇಂದ್ರಗಡದಲ್ಲಿ ಪಟ್ಟೆದಂಚಿನ ಸೀರೆಯನ್ನು ನೇಯುವ ಮನೆಯ ಮಗುವು ಹಾಸು, ಹೊಕ್ಕು, ಲಾಳಿ, ಕಂಡಿಕೆಗಳನ್ನು ಕುರಿತು ಬರೆಯಲಿ. ನೂಲು ಹರಿದಾಗ ಅವ್ವ ಹೇಗೆ ಗಂಟಿಕ್ಕುವಳೆಂಬುದನ್ನು ನೋಡಿ ಬರೆದ ಆರು ಸಾಲು, ನೋಡದೆ ಬರೆದ ಆರು ಪುಟಕ್ಕಿಂತ ಮೇಲು. ನರಗುಂದದ ಎರೆಹೊಲದವರ ಮಗನು ಕೂರಿಗೆಯಿಂದ ಜೋಳ ಬಿತ್ತುವ ಬಗೆಯನ್ನು ಬರೆದು, ಓದುಬರಹವನ್ನರಿಯದ ಅಜ್ಜನಿಗೆ ಗಟ್ಟಿಯಾಗಿ ಓದಿ ಹೇಳಲಿ. ಬೀಜ ಬೀಳುವ ಆಳವನ್ನೋ, ಹದದ ಲಕ್ಷಣವನ್ನೋ ಹುಡುಗನು ತಪ್ಪಿ ಬರೆದಿದ್ದರೆ ಅಜ್ಜನು ಸುಮ್ಮನೆ ಕುಳಿತಾನೆಯೆ? ಅವನು ಹೇಳಿದ ತಿದ್ದುಪಡಿಯನ್ನು ಅವನದೇ ನುಡಿಯಲ್ಲಿ ಹುಡುಗನು ಅದೇ ಹಾಳೆಯ ಮಗ್ಗುಲಿಗೆ ಬರೆದುಕೊಳ್ಳತಕ್ಕದ್ದು.