ಅಡ್ಡರಸ್ತೆಯವರಿಗೆ ಯಾವ ಬಣ್ಣ?

ಬೆಂಗಳೂರಿನಲ್ಲಿ ಕಾರು ಕಲಿತವರಿಗೆ ರಾತ್ರಿ ಮಿಟುಕುವ ಹಳದಿ ದೀಪ ಹೊಸದಲ್ಲ. ಹೊತ್ತು ಮೀರಿದ ಮೇಲೆ ಎಷ್ಟೋ ಸರ್ಕಲ್‌ಗಳಲ್ಲಿ ಸಿಗ್ನಲ್ ಹಾಗೆಯೇ ಮಿಟುಕುತ್ತಿರುತ್ತದೆ. ಹೆಡ್‌ಲೈಟ್ ಒಮ್ಮೆ ಮಿಂಚಿಸಿ, ಹಾರ್ನ್ ಹೊಡೆದು ದಾಟುವುದು ರೂಢಿ. ಆ ರೂಢಿಯನ್ನೇ ಕ್ಯಾಲಿಫೋರ್ನಿಯಾದ ಸನಿವೇಲ್, ಫ್ರೀಮಾಂಟ್‌ಗಳಿಗೆ ತಂದರೆ ಅಪಾಯ. ಇಲ್ಲಿ ಮಿಟುಕುವ ಕೆಂಪೂ ಎದುರಾಗುತ್ತದೆ, ಅದರ ಅರ್ಥವೇ ಬೇರೆ.

ಕ್ಯಾಲಿಫೋರ್ನಿಯಾ ವೆಹಿಕಲ್ ಕೋಡ್‌ನ 21457ನೇ ಸೆಕ್ಷನ್ ಪ್ರಕಾರ, ಮಿಟುಕುವ ಕೆಂಪು ದೀಪ ಸ್ಟಾಪ್ ಬೋರ್ಡಿಗೆ ಸಮ. ರಸ್ತೆಯ ಬಿಳಿ ಗೆರೆಯ ಬಳಿ, ಗೆರೆ ಇಲ್ಲದಿದ್ದರೆ ಪಾದಚಾರಿಗಳ ಪಟ್ಟೆಗೂ ಮುಂಚೆ, ಅದೂ ಇಲ್ಲದಿದ್ದರೆ ಅಡ್ಡರಸ್ತೆಯ ಬಾಯಲ್ಲಿ ಚಕ್ರ ಪೂರ್ತಿ ನಿಲ್ಲಬೇಕು. ನಿಧಾನಕ್ಕೆ ಉರುಳುತ್ತಲೇ ಎಡಬಲ ನೋಡಿ ಸಾಗಿದರೆ ಅದು ನಿಂತಂತೆ ಅಲ್ಲ. ಮಿಟುಕುವ ಹಳದಿಗೆ ನಿಲ್ಲಬೇಕಿಲ್ಲ, ಎಚ್ಚರದಿಂದ ದಾಟಬಹುದು. ಎಡಕ್ಕೆ ತಿರುಗುವ ಲೇನಿನಲ್ಲಿ ಹಳದಿ ಬಾಣ ಮಿಟುಕುತ್ತಿದ್ದರೆ ತಿರುಗಬಹುದು, ಆದರೆ ಎದುರಿನಿಂದ ಬರುವವರಿಗೆ ಹಸಿರು ಇರುತ್ತದೆ. ಅವರಿಗೂ ರಸ್ತೆ ದಾಟುವವರಿಗೂ ದಾರಿ ಬಿಟ್ಟೇ ತಿರುಗಬೇಕು.

ಬಹಳ ಜನ ಎಡವುವುದು ಕೆಂಪಿಗೆ ನಿಂತ ಮೇಲೆ. ಸಿಗ್ನಲ್ ಕಂಬದ ಹತ್ತಿರ ನಿಂತಿರುವ ಲೋಹದ ಪೆಟ್ಟಿಗೆಯೊಳಗೆ ಒಂದು ಕಾವಲು ಯಂತ್ರವಿರುತ್ತದೆ. ಎರಡು ಕಡೆಗೂ ಒಟ್ಟಿಗೆ ಹಸಿರು ಬೀಳುವಂಥ ದೋಷ ಕಂಡರೆ ಅದು ಇಡೀ ಸಿಗ್ನಲ್ಲನ್ನು ಮಿಟುಕುವ ಸ್ಥಿತಿಗೆ ತಳ್ಳುತ್ತದೆ. ಆಗ ನಾಲ್ಕೂ ಕಡೆ ಕೆಂಪು ಬರಬಹುದು. ಇಲ್ಲವೇ ದೊಡ್ಡ ರಸ್ತೆಗೆ ಹಳದಿ, ಅಡ್ಡರಸ್ತೆಗೆ ಮಾತ್ರ ಕೆಂಪು ಬರಬಹುದು. ನಿಮಗೆ ಕಾಣುವುದು ನಿಮ್ಮ ದೀಪ ಮಾತ್ರ. ನೀವು ಕೆಂಪಿಗೆ ನಿಂತಿರಿ, ‘ಅವರೂ ನಿಲ್ಲುತ್ತಾರೆ, ಮೊದಲು ಬಂದವನು ನಾನು’ ಎಂದುಕೊಂಡು ಹೊರಟಿರಿ. ಆ ಕಡೆಯವರಿಗೆ ಹಳದಿ ಇದ್ದರೆ ಅವರು ನಿಲ್ಲುವುದೇ ಇಲ್ಲ, ನಿಲ್ಲಬೇಕೆಂಬ ನಿಯಮವೂ ಇಲ್ಲ. ಹತ್ತಿರ ಬಂದುಬಿಟ್ಟ ವಾಹನಕ್ಕೆ ದಾರಿ ಬಿಡುವ ಹೊಣೆ ನಿಮ್ಮದೇ. ಎಲ್ ಕಮೀನೊ ರಿಯಲ್‌ನಂಥ ಅಗಲದ ರಸ್ತೆಗೆ ಓಣಿಯಿಂದ ಬರುವವರು ಇದನ್ನು ಮನಸ್ಸಿಗೆ ತಂದುಕೊಳ್ಳಲೇಬೇಕು. ಬರುವ ಕಾರು ನಿಜವಾಗಿ ನಿಲ್ಲುತ್ತಿದೆಯೇ ಎಂದು ಕಣ್ಣಾರೆ ಕಂಡ ಮೇಲೆಯೇ ಹೊರಡಿ.

ದೀಪವೇ ಇಲ್ಲದಿದ್ದರೆ? 2017ರ ಏಪ್ರಿಲ್ 21ರಂದು ಸಬ್‌ಸ್ಟೇಷನ್ ಕೆಟ್ಟು ಸ್ಯಾನ್ ಫ್ರಾನ್ಸಿಸ್ಕೊದ ದೊಡ್ಡ ಭಾಗಕ್ಕೆ ಕರೆಂಟ್ ಹೋಗಿತ್ತು. 2019ರ ಅಕ್ಟೋಬರ್‌ನಲ್ಲಿ ಕಾಡ್ಗಿಚ್ಚಿನ ಭಯಕ್ಕೆ ವಿದ್ಯುತ್ ಕಂಪನಿಯೇ ಹಲವು ಕಡೆ ಕರೆಂಟ್ ತೆಗೆಯಿತು. 2025ರ ಡಿಸೆಂಬರ್ 20ರಂದು ಸ್ಯಾನ್ ಫ್ರಾನ್ಸಿಸ್ಕೊ ಮತ್ತೆ ಕತ್ತಲಾದಾಗ ಚಾಲಕರಿಲ್ಲದ ವೇಮೋ ಕಾರುಗಳು ನಡುರಸ್ತೆಯಲ್ಲೇ ನಿಂತುಬಿಟ್ಟವು. ಇಂಥ ಹೊತ್ತಿಗೆ 21800ನೇ ಸೆಕ್ಷನ್ ಸ್ಪಷ್ಟವಾಗಿದೆ: ಆರಿದ ಸಿಗ್ನಲ್‌ಗೆ ಎಲ್ಲ ಕಡೆಯವರೂ ನಿಲ್ಲಬೇಕು, ಸುರಕ್ಷಿತ ಎನಿಸಿದಾಗ ಎಚ್ಚರದಿಂದ ದಾಟಬೇಕು. ಮೊದಲು ಬಂದವರಿಗೆ ಮೊದಲ ಸರದಿ. ಒಟ್ಟಿಗೆ ಬಂದರೆ ಬಲಗಡೆಯವರಿಗೆ. ಪೊಲೀಸರು ನಿಂತು ಕೈ ತೋರಿಸುತ್ತಿದ್ದರೆ ಅವರ ಕೈಯೇ ಸಿಗ್ನಲ್. ಕೆಟ್ಟ ದೀಪದ ಬಗ್ಗೆ ಸ್ಯಾನ್ ಫ್ರಾನ್ಸಿಸ್ಕೊ, ಸ್ಯಾನ್ ಹೋಸೆಗಳಲ್ಲಿ 311ಕ್ಕೆ ಕರೆ ಮಾಡಿ ತಿಳಿಸಬಹುದು.

ಟಿಕೆಟ್ ಬಿದ್ದರೆ ಗಾಬರಿ ಬೇಡ. ಅಧಿಕಾರಿ ಚಾಚುವ ಕಾಗದಕ್ಕೆ ಸಹಿ ಹಾಕಿದರೆ ತಪ್ಪು ಒಪ್ಪಿಕೊಂಡ ಹಾಗಲ್ಲ, ಕೋರ್ಟಿಗೆ ಉತ್ತರ ಕೊಡುತ್ತೇನೆ ಎಂಬ ಮಾತು ಅಷ್ಟೆ. ಸಹಿ ನಿರಾಕರಿಸಿದರೆ ಬಂಧಿಸುವ ಅಧಿಕಾರ ಅವರಿಗಿದೆ. ವಾದ ಅಲ್ಲಿ ಬೇಡ, ಕೋರ್ಟಿನಲ್ಲಿ ಮಾಡಿ. ದಂಡ ಕಟ್ಟಬಹುದು, ಅರ್ಹತೆ ಇದ್ದರೆ ಟ್ರಾಫಿಕ್ ಸ್ಕೂಲಿಗೆ ಸೇರಬಹುದು, ಇಲ್ಲವೇ ಆರೋಪ ಅಲ್ಲಗಳೆಯಬಹುದು. ಕೆಲಸಕ್ಕೆ ರಜೆ ಹಾಕಲಾಗದವರಿಗೆ ಬರಹದ ಮೂಲಕವೇ ವಿಚಾರಣೆ ಕೇಳುವ ಹಕ್ಕು 40902ನೇ ಸೆಕ್ಷನ್‌ನಲ್ಲಿದೆ. ದಂಡದ ಮೊತ್ತವನ್ನು ಸಾಮಾನ್ಯವಾಗಿ ಮೊದಲೇ ಠೇವಣಿ ಇಡಬೇಕು, ಗೆದ್ದರೆ ಅದು ವಾಪಸ್. ದೀಪ ಯಾವ ಬಣ್ಣದಲ್ಲಿ ಮಿಟುಕುತ್ತಿತ್ತು, ಗೆರೆ ಎಲ್ಲಿತ್ತು, ನೀವು ಎಲ್ಲಿ ನಿಂತಿರಿ ಎಂಬುದನ್ನು ಅಂದೇ ಬರೆದಿಟ್ಟುಕೊಳ್ಳಿ, ಆ ಜಾಗದ ಫೋಟೊ ತೆಗೆದಿಡಿ. ಸೋತರೂ, ತೀರ್ಪು ಅಂಚೆಗೆ ಬಿದ್ದ 20 ದಿನದೊಳಗೆ ಹೊಸದಾಗಿ ವಿಚಾರಣೆ ಕೇಳಬಹುದು.

ಊರಿನಿಂದ ಬಂದ ಅಪ್ಪನೋ ಅಮ್ಮನೋ ಸ್ಟಿಯರಿಂಗ್ ಹಿಡಿದಿದ್ದಾಗ ಟಿಕೆಟ್ ಬಿದ್ದಿದ್ದರೆ, ಅವರಿಗೆ ಇಂಗ್ಲಿಷ್ ಬರುವುದಿಲ್ಲವೆಂದು ದಂಡ ಕಟ್ಟಿ ಮುಗಿಸಬೇಡಿ. ಕನ್ನಡದ ದುಭಾಷಿ ಬೇಕೆಂದು ವಿಚಾರಣೆಗೆ ಸಾಕಷ್ಟು ಮುಂಚೆಯೇ ಕೋರ್ಟಿನ ಕಚೇರಿಗೆ ತಿಳಿಸಿ. ಅದಕ್ಕೆ ಅವರು ಹಣ ಕೊಡಬೇಕಿಲ್ಲ.