ನಾಲ್ಕು ಫೈಲು, ಒಂದೇ ಕಾಯಿಲೆ

ನನ್ನ ಹತ್ತಿರ ನಾಲ್ಕು ಫೈಲುಗಳಿದ್ದವು. ಒಂದು ಶುಗರಿನದು, ಒಂದು ಥೈರಾಯ್ಡಿನದು, ಸೊಂಟದ ಎಕ್ಸ್‌ರೇ, ಎಂಆರ್‌ಐಗಳ ದೊಡ್ಡ ಕವರು ಇನ್ನೊಂದು. ನಾಲ್ಕನೆಯದರಲ್ಲಿ ಮನೋವೈದ್ಯರು ಬರೆದ ಚೀಟಿ ಮಾತ್ರ. ಸೊಂಟ ನೋಡುವವರು ಶುಗರಿನ ಮಾತೆತ್ತುತ್ತಿರಲಿಲ್ಲ, ಶುಗರ್ ನೋಡುವವರಿಗೆ ಸೊಂಟ ಬೇಕಿರಲಿಲ್ಲ. ನನ್ನ ಹಾಗೆ ಅಪರೂಪದ ಕಾಯಿಲೆಯಲ್ಲಿ ಸಿಕ್ಕಿಕೊಂಡವರಿಗೆ ನಾನು ಹೇಳುವುದು ಇದನ್ನೇ: ಎಲ್ಲ ಫೈಲುಗಳನ್ನೂ ಒಂದೇ ಚೀಲದಲ್ಲಿಟ್ಟುಕೊಂಡು ಹೋಗಿ, ಎಲ್ಲವನ್ನೂ ಒಬ್ಬರೇ ಡಾಕ್ಟರ ಮೇಜಿನ ಮೇಲೆ ಇಡಿ.

ನಲವತ್ತರ ಹತ್ತಿರ ಶುಗರ್ ಬಂತು. ನಾನು ಸಣ್ಣ ಆಳು, ಮನೆತನದಲ್ಲಿ ಯಾರಿಗೂ ಇರಲಿಲ್ಲ. ವಯಸ್ಸು ನೋಡಿ ಟೈಪ್ 2 ಎಂದು ಮಾತ್ರೆ ಕೊಟ್ಟರು. ಮಾತ್ರೆ ಏರಿಸಿದರೂ ಶುಗರ್ ಇಳಿಯಲಿಲ್ಲ, ತೂಕ ಇಳಿಯಿತು. ಕೊನೆಗೆ ಇನ್ಸುಲಿನ್ ಚುಚ್ಚಿಕೊಳ್ಳಬೇಕಾಯಿತು. ಸ್ವಲ್ಪ ಕಾಲಕ್ಕೆ ಥೈರಾಯ್ಡ್ ಕೂಡ ಕೈಕೊಟ್ಟಿತು. ಎರಡೂ ಎಷ್ಟೋ ಮನೆಗಳಲ್ಲಿ ಇರುವ ಕಾಯಿಲೆಗಳು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಆಮೇಲೆ ಬೆನ್ನು ಬಿಗಿಯತೊಡಗಿತು. ಚಪ್ಪಲಿ ಎತ್ತಿಕೊಳ್ಳಲು ಬಗ್ಗಲಾರೆ. ಹೊಟ್ಟೆಯ ಸ್ನಾಯುಗಳು ಮುಟ್ಟಿದರೆ ಕಲ್ಲು. ಸೊಂಟ ಒಳಕ್ಕೆ ಬಾಗಿ, ಎದೆ ಮುಂದೆ ಮಾಡಿಕೊಂಡು ನಡೆಯುವ ನನ್ನನ್ನು ನೋಡಿ ನಾನು ಪಾಠ ಮಾಡುವ ಶಾಲೆಯ ಮಕ್ಕಳು ಪಿಸುಗುಟ್ಟುತ್ತಿದ್ದರು. ನಿದ್ದೆಯಲ್ಲಿ ಮಾತ್ರ ಮೈ ಸಡಿಲವಾಗುತ್ತಿತ್ತು. ಎಚ್ಚರವಾದ ಸ್ವಲ್ಪ ಹೊತ್ತಿಗೇ ಮತ್ತೆ ಬಿಗಿ.

ನೋವಿಗಿಂತ ಕಷ್ಟವಾದದ್ದು ಸದ್ದು. ಕುಕ್ಕರ್ ಸೀಟಿ ಹೊಡೆದರೆ, ಹಿಂದಿನಿಂದ ಯಾರಾದರೂ "ಮೇಡಂ" ಎಂದರೆ, ಬಸ್ಸಿನ ಹಾರನ್ ಕೇಳಿದರೆ ಬೆನ್ನು, ತೊಡೆ, ಕಾಲು ಒಟ್ಟಿಗೇ ಸೆಳೆದುಕೊಂಡು ಸೆಟೆಯುತ್ತಿದ್ದವು. ಬೀಳುವಾಗ ಯಾರಾದರೂ ಕೈ ಊರುತ್ತಾರೆ. ನನಗೆ ಊರಲು ಆಗುತ್ತಿರಲಿಲ್ಲ. ನಿಂತ ಹಾಗೆಯೇ ನೆಲಕ್ಕೆ. ದೀಪಾವಳಿ ಬಂದರೆ ಬಾಗಿಲು, ಕಿಟಕಿ ಹಾಕಿಕೊಂಡು ಒಳಕೋಣೆಯಲ್ಲಿ ಮಲಗಿರುತ್ತಿದ್ದೆ.

ಹೀಗಾಗಿ ರಸ್ತೆ ದಾಟುವುದೆಂದರೆ ಭಯ ಹುಟ್ಟಿತು. ಪಕ್ಕದಲ್ಲಿ ಗೋಡೆ ಇದ್ದರೆ ಮುಟ್ಟದೆಯೂ ನಡೆಯುತ್ತಿದ್ದೆ. ಬಯಲು ಬಂದರೆ ಕಾಲು ಏಳುತ್ತಿರಲಿಲ್ಲ. "ಅಲ್ಲಿ ನಡೆದೆಯಲ್ಲ, ಇಲ್ಲಿ ಏನಾಯ್ತು ಮಾರಾಯ್ತಿ?" ಎಂದು ನಮ್ಮ ಮನೆಯವರು ಕೇಳುತ್ತಿದ್ದರು. ಅವರು ಕೇಳುವುದರಲ್ಲಿ ತಪ್ಪಿರಲಿಲ್ಲ, ನನ್ನಲ್ಲಿ ಉತ್ತರವೂ ಇರಲಿಲ್ಲ. ಎಂಆರ್‌ಐಯಲ್ಲಿ ಏನೂ ಸಿಗದಿದ್ದಾಗ ಒಂದು ಆಸ್ಪತ್ರೆಯಲ್ಲಿ ಇದು ಮನಸ್ಸಿನದು ಎಂದು ಬರೆದು ಕಳಿಸಿದರು. ಮನೋವೈದ್ಯರು ಡಯಜೆಪಾಮ್ ಕೊಟ್ಟರು. ಮೈ ಸಡಿಲವಾಯಿತು, ಬಗ್ಗಿ ನೀರಿನ ಕೊಡ ಎತ್ತಿದೆ. ಗಾಬರಿಯ ಮಾತ್ರೆಗೆ ಗುಣ ಕಂಡ ಮೇಲೆ ಇದು ಗಾಬರಿಯೇ ಎಂದು ಎಲ್ಲರೂ ತೀರ್ಮಾನಿಸಿದರು. ಈ ಕಾಯಿಲೆಯವರಿಗೆ ಆಗುವ ಅತಿ ದೊಡ್ಡ ಅನ್ಯಾಯ ಇದು.

ಬೆಂಗಳೂರಿನಲ್ಲಿ ಒಬ್ಬ ನರರೋಗ ತಜ್ಞರು ನಾಲ್ಕೂ ಫೈಲುಗಳನ್ನು ಹರಡಿಕೊಂಡು ಕೂತರು. ಹೊಟ್ಟೆ ಒತ್ತಿ ನೋಡಿದರು, ಬೆನ್ನಿನ ಹಿಂದೆ ಒಮ್ಮೆ ಚಪ್ಪಾಳೆ ತಟ್ಟಿದರು. ಆಮೇಲೆ ಸ್ನಾಯುವಿಗೆ ಸೂಜಿ ಚುಚ್ಚಿ ನೋಡುವ ಇಎಂಜಿ ಪರೀಕ್ಷೆ. ಸುಮ್ಮನೆ ಮಲಗಿದ್ದರೂ ನನ್ನ ಬೆನ್ನಿನ ಸ್ನಾಯುಗಳು ಕೆಲಸ ನಿಲ್ಲಿಸಿರಲಿಲ್ಲ. ರಕ್ತಕ್ಕೆ ಒಂದು ಪರೀಕ್ಷೆ ಬರೆದರು: ಆಂಟಿ-ಜಿಎಡಿ. ಫಲಿತಾಂಶ ಬಹಳ ಎತ್ತರದಲ್ಲಿತ್ತು. ಕಾಯಿಲೆಯ ಹೆಸರು ಸ್ಟಿಫ್ ಪರ್ಸನ್ ಸಿಂಡ್ರೋಮ್. ಹತ್ತು ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವಂಥದ್ದು, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು.

ಜಿಎಡಿ ಒಂದು ಕಿಣ್ವ. ಮಿದುಳು ಮತ್ತು ಬೆನ್ನುಹುರಿಯಲ್ಲಿ ಗಾಬಾ ಎಂಬ ರಾಸಾಯನಿಕವನ್ನು ತಯಾರಿಸುವುದು ಇದರ ಕೆಲಸ. ಬಿಗಿಯಾದ ಸ್ನಾಯುವಿಗೆ ಸಾಕು, ಬಿಡು ಎನ್ನುವುದು ಗಾಬಾ. ಮಿದುಳಿನಲ್ಲಿ ಗಾಬರಿಯನ್ನು ತಣಿಸುವುದೂ ಅದೇ. ಇದೇ ಜಿಎಡಿ ಮೇದೋಜೀರಕ ಗ್ರಂಥಿಯಲ್ಲಿ, ಇನ್ಸುಲಿನ್ ಮಾಡುವ ಬೀಟಾ ಕೋಶಗಳಲ್ಲೂ ಇದೆ. ನನ್ನ ರೋಗನಿರೋಧಕ ವ್ಯವಸ್ಥೆ ಈ ಕಿಣ್ವವನ್ನು ಪರಕೀಯವೆಂದು ಎಣಿಸಿ ಪ್ರತಿಕಾಯಗಳನ್ನು ಮಾಡಿತ್ತು. ಥೈರಾಯ್ಡಿನ ಮೇಲೆ ಬಿದ್ದದ್ದೂ ಅದೇ ವ್ಯವಸ್ಥೆ, ಬೇರೆ ಪ್ರತಿಕಾಯಗಳೊಂದಿಗೆ. ಇದನ್ನು ಕೇಳಿದ ದಿನ ನನ್ನ ಭಯದ ಬಗ್ಗೆ ನನಗಿದ್ದ ನಾಚಿಕೆ ಹೋಯಿತು. ಭಯದಿಂದ ಕಾಯಿಲೆ ಬಂದದ್ದಲ್ಲ. ಬೆನ್ನು ಬಿಗಿಯುವುದು ಹೇಗೋ, ಬಯಲು ಕಂಡರೆ ಹೆದರುವುದೂ ಹಾಗೆಯೇ ಈ ಕಾಯಿಲೆಯ ಒಂದು ಲಕ್ಷಣ. ಡಯಜೆಪಾಮ್ ಗುಣ ಕೊಟ್ಟದ್ದೂ ಅದು ಗಾಬಾದ ಕೆಲಸಕ್ಕೆ ಬಲ ಕೊಡುವ ಔಷಧಿ ಎಂಬ ಕಾರಣಕ್ಕೆ.

ಇದರ ಚರಿತ್ರೆಯನ್ನು ಹುಡುಕಿ ಓದಿದೆ. ಅಮೆರಿಕದ ಮೇಯೊ ಕ್ಲಿನಿಕ್ಕಿಗೆ 1924ರಲ್ಲಿ ಅಯೋವಾದ ಒಬ್ಬ ರೈತ ಬಂದಿದ್ದ. ಮೈ ಬಿಗಿದು ಮರದ ಮನುಷ್ಯನ ಹಾಗೆ ಬೀಳುತ್ತಿದ್ದ. ಫ್ರೆಡರಿಕ್ ಮೋರ್ಶ್ ಮತ್ತು ಹೆನ್ರಿ ವೋಲ್ಟ್‌ಮನ್ ಅಂಥ 14 ರೋಗಿಗಳನ್ನು ಮೂರು ದಶಕಕ್ಕೂ ಹೆಚ್ಚು ಕಾಲ ಗಮನಿಸಿ 1956ರಲ್ಲಿ ಪ್ರಕಟಿಸಿದರು. ಅಷ್ಟು ವರ್ಷ ಬೇರೆ ಬೇರೆ ರೋಗಿಗಳನ್ನು ನೆನಪಿಟ್ಟುಕೊಂಡು ಒಂದು ಕಡೆ ತಂದ ಆ ತಾಳ್ಮೆಗೆ ನಾನು ಕೈಮುಗಿಯುತ್ತೇನೆ. 1988ರಲ್ಲಿ ಮಿಕೆಲೆ ಸೊಲಿಮೆನಾ, ಪಿಯೆತ್ರೊ ಡಿ ಕಾಮಿಲ್ಲಿ ಮತ್ತು ಸಂಗಡಿಗರ ಮುಂದೆ ಇದೇ ಕಾಯಿಲೆಯ ಒಬ್ಬ ರೋಗಿಯ ರಕ್ತವಿತ್ತು. ಆ ರೋಗಿಗೆ ಮೂರ್ಛೆರೋಗವೂ ಟೈಪ್ 1 ಶುಗರೂ ಇದ್ದವು. ಆ ರಕ್ತದಲ್ಲಿ ಜಿಎಡಿ ವಿರುದ್ಧದ ಪ್ರತಿಕಾಯಗಳು ಸಿಕ್ಕವು. ಶುಗರ್ ಬಂದ ಮಕ್ಕಳ ರಕ್ತದಲ್ಲಿ ಯಾವುದೋ ಒಂದು ಪ್ರೋಟೀನಿನ ವಿರುದ್ಧ ಪ್ರತಿಕಾಯ ಇದೆ ಎಂಬುದು ಅದಕ್ಕೂ ಮೊದಲೇ ಗೊತ್ತಿತ್ತು. ಆ ಪ್ರೋಟೀನು ಜಿಎಡಿಯೇ ಎಂದು 1990ರಲ್ಲಿ ಖಚಿತವಾಯಿತು. ಇವತ್ತು ನಮ್ಮೂರ ಲ್ಯಾಬಿನಿಂದಲೂ ಕಳಿಸುವ ಜಿಎಡಿ ಪರೀಕ್ಷೆಯ ಹಿಂದೆ ನನ್ನಂಥ ಒಬ್ಬ ಅಪರೂಪದ ರೋಗಿಯ ರಕ್ತವಿದೆ ಎಂಬುದು ನನಗೆ ದೊಡ್ಡ ವಿಷಯ. ದೊಡ್ಡವರಾದ ಮೇಲೆ, ತೆಳ್ಳಗಿರುವವರಿಗೆ ಶುಗರ್ ಬಂದು ಮಾತ್ರೆಗೆ ಬಗ್ಗದಿದ್ದರೆ ಈ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ.

ಗಾಯಕಿ ಸೆಲೀನ್ ಡಿಯಾನ್ 2022ರ ಡಿಸೆಂಬರಿನಲ್ಲಿ ತಮಗೆ ಈ ಕಾಯಿಲೆ ಇದೆ ಎಂದು ಹೇಳಿದ ಮೇಲೆ ವಿವರಿಸುವುದು ಸುಲಭವಾಯಿತು. ಮೊದಲು ನಂಬದ ಸಂಬಂಧಿಕರೂ ಫೋನು ಮಾಡಿ ವಿಚಾರಿಸಿದರು.

ಚಿಕಿತ್ಸೆ ಇದೆ, ಪೂರ್ತಿ ಗುಣವಿಲ್ಲ. ಡಯಜೆಪಾಮ್, ಬ್ಯಾಕ್ಲೋಫೆನ್ ದಿನವೂ ಬೇಕು. ಇವನ್ನು ಒಮ್ಮೆಗೇ ನಿಲ್ಲಿಸಿದರೆ ಸೆಳೆತ ಉಲ್ಬಣಿಸುತ್ತದೆ, ಫಿಟ್ಸ್ ಬರಬಹುದು. ಆದ್ದರಿಂದ ಊರಿಗೆ ಹೋಗುವಾಗ ಬಟ್ಟೆಗಿಂತ ಮೊದಲು ಮಾತ್ರೆ ಕಟ್ಟಿಕೊಳ್ಳುತ್ತೇನೆ, ವೈದ್ಯರ ಚೀಟಿ ಪರ್ಸಿನಲ್ಲೇ ಇರುತ್ತದೆ. ಸ್ಟೀರಾಯ್ಡ್ ಕೊಟ್ಟರೆ ಶುಗರ್ ಏರುತ್ತದೆ, ನಮ್ಮಂಥವರಿಗೆ ಅಲ್ಲೂ ಇಕ್ಕಟ್ಟು. ನನಗೆ ಹೆಚ್ಚು ಆಸರೆಯಾದದ್ದು ಐವಿಐಜಿ. ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ತೆಗೆದ ಪ್ರತಿಕಾಯಗಳನ್ನು ಡ್ರಿಪ್ ಮೂಲಕ ಕೊಡುತ್ತಾರೆ. ಈ ಕಾಯಿಲೆಗೆ ಅದು ಕೆಲಸ ಮಾಡುತ್ತದೆ ಎಂದು ಮಾರಿನೋಸ್ ಡಲಾಕಸ್ ತಂಡ 2001ರಲ್ಲಿ 16 ರೋಗಿಗಳ ಅಧ್ಯಯನದಲ್ಲಿ ತೋರಿಸಿತು. ಬೆಲೆ ಮಾತ್ರ ವಿಪರೀತ. ಒಂದು ಸುತ್ತಿಗೆ ತಿಂಗಳುಗಳ ಸಂಬಳ ಹೋಗುತ್ತದೆ, ಪರಿಣಾಮ ಕೆಲವು ವಾರ ಇದ್ದು ಇಳಿಯುತ್ತದೆ. ಇಂಥ ಔಷಧಿ ಬಡ ರೋಗಿಗೂ ಎಟಕುವ ಏರ್ಪಾಡು ಆಗಲೇಬೇಕು.

ಮನೆಯವರು, ಜೊತೆಯವರು ಮಾಡಬಹುದಾದದ್ದು ಬೇಕಾದಷ್ಟಿದೆ. ನಮ್ಮ ಶಾಲೆಯಲ್ಲಿ ನನ್ನ ತರಗತಿಯನ್ನು ಗಂಟೆಯಿಂದ ದೂರದ ಕೋಣೆಗೆ ಹಾಕಿಕೊಟ್ಟರು. ಮಕ್ಕಳು ಮುಂದೆ ಬಂದು, ಮುಖ ಕಂಡ ಮೇಲೆ ಮಾತಾಡಿಸುತ್ತಾರೆ. ಸೆಟೆದು ನಿಂತಾಗ ಎಳೆಯಬಾರದು, ಅವಸರ ಮಾಡಬಾರದು. ಪಕ್ಕದಲ್ಲಿ ಒಂದು ತೋಳು ಇದ್ದರೆ ಸಾಕು, ಮೈ ತಾನಾಗಿಯೇ ಸಡಿಲವಾಗುತ್ತದೆ. ಇದನ್ನು ಡಾಕ್ಟರಿಗಿಂತ ಮೊದಲು ಕಂಡುಕೊಂಡವರು ನಮ್ಮ ಅತ್ತೆ.

ಟೈಪ್ 1 ಶುಗರ್ ಇರುವ ಮಗುವಿನ ತಾಯಿಯೊಬ್ಬರು, "ನಮ್ಮ ಪಾಪುವಿನ ರಕ್ತದಲ್ಲೂ ಜಿಎಡಿ ಇದೆಯಂತಕ್ಕಾ, ಇವಳಿಗೂ ಹೀಗೇ ಆಗುತ್ತಾ?" ಎಂದು ಕಣ್ಣೀರಿಟ್ಟು ಕೇಳಿದರು. ಟೈಪ್ 1 ಬಂದ ಬಹುಪಾಲು ಜನರ ರಕ್ತದಲ್ಲಿ ಈ ಪ್ರತಿಕಾಯ ಇರುತ್ತದೆ, ಆದರೆ ನನ್ನಂಥವರಲ್ಲಿ ಇರುವುದಕ್ಕಿಂತ ಎಷ್ಟೋ ಪಾಲು ಕಡಿಮೆ. ಅವರಲ್ಲಿ ಈ ಬಿಗಿತ ಕಾಣಿಸಿಕೊಳ್ಳುವುದು ತೀರಾ ಅಪರೂಪ. ಇದನ್ನು ನಿಧಾನವಾಗಿ ಅವರಿಗೆ ಹೇಳಿದೆ. ಪಾಪುವಿಗೆ ಹೊತ್ತಿಗೆ ಸರಿಯಾಗಿ ಇನ್ಸುಲಿನ್ ಕೊಡಿ, ಆಗಾಗ ಥೈರಾಯ್ಡ್ ಪರೀಕ್ಷೆ ಮಾಡಿಸಿ, ಎಲ್ಲ ರಿಪೋರ್ಟುಗಳನ್ನೂ ಒಟ್ಟಿಗೆ ಇಟ್ಟಿರಿ ಎಂದೆ.